ಸ್ಪೀಕರ್ ಆಂಪ್ಲಿಫೈಯರಿಗೆ ಹೆಡ್‌ಫೋನ್ ಜೋಡಿಸುವ ಮುನ್ನ

ಗೋಡೆಗೆ ಗೋಡೆ ತಾಗಿದ ಮುಂಬಯಿಯ ಚಾಳುಗಳಲ್ಲಿ ರಾತ್ರಿ ಸಂಗೀತ ಕೇಳಬಯಸುವ ಬಂಧುಗಳು ಆಂಪ್ಲಿಫೈಯರಿನ ಸ್ಪೀಕರ್ ತುದಿಗಳಿಗೆ ಹೆಡ್‌ಫೋನನ್ನು ನೇರವಾಗಿ ಜೋಡಿಸಬಾರದು. 8 ಓಮ್ ಸ್ಪೀಕರಿಗೆ 50 ವಾಟ್ ಕೊಡುವ ಆಂಪ್ಲಿಫೈಯರ್ ಪೂರ್ಣ ಧ್ವನಿಯಲ್ಲಿ ಸುಮಾರು 20 ವೋಲ್ಟ್ ನೀಡುತ್ತದೆ. 32 ಓಮ್ ಹೆಡ್‌ಫೋನಿನಲ್ಲಿ ಅದು 12 ವಾಟ್ ಮೀರಿ ಸುರುಳಿಯನ್ನು ಸುಡುವುದಲ್ಲದೆ ಕಿವಿಗೂ ಹಾನಿ ಮಾಡೀತು. ಎಡ, ಬಲ ಪ್ರತಿ ಚಾನೆಲ್ಲಿಗೆ 100 ಓಮ್, 5 ವಾಟ್ ರೆಸಿಸ್ಟರನ್ನು (ವಿದ್ಯುತ್ ಹರಿವಿಗೆ ತಡೆಯೊಡ್ಡುವ ಬಿಡಿಭಾಗ) ಸರಣಿಯಲ್ಲಿಯೂ, 10 ಓಮ್, 1 ವಾಟ್ ರೆಸಿಸ್ಟರನ್ನು ಹೆಡ್‌ಫೋನಿಗೆ ಸಮಾಂತರವಾಗಿಯೂ ಹಾಕಿದರೆ ಆ 20 ವೋಲ್ಟ್ ಸುಮಾರು 1.4ಕ್ಕೆ ಇಳಿಯುತ್ತದೆ, ಇಲ್ಲಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಇವಕ್ಕೆ ದೊಡ್ಡ ಖರ್ಚೇನೂ ಇಲ್ಲ. ಆದರೆ ಈಗಿನ ಅನೇಕ ಕ್ಲಾಸ್-ಡಿ (ಸ್ವಿಚ್ಚಿನಂತೆ ಅತಿವೇಗದಲ್ಲಿ ತೆರೆದು ಮುಚ್ಚಿ ಕೆಲಸ ಮಾಡುವ) ಆಂಪ್ಲಿಫೈಯರುಗಳಲ್ಲಿ ಋಣ ತುದಿಯೂ ಗ್ರೌಂಡ್ (ಶೂನ್ಯ ವೋಲ್ಟಿನ ತುದಿ) ಆಗಿರುವುದಿಲ್ಲವಾದ್ದರಿಂದ, ಎಡಬಲಗಳ ಋಣ ತುದಿಗಳನ್ನು ಒಂದುಗೂಡಿಸುವ ಸಾಮಾನ್ಯ ಹೆಡ್‌ಫೋನ್ ಜ್ಯಾಕ್ ಆಂಪ್ಲಿಫೈಯರನ್ನೇ ಕೆಡಿಸಬಲ್ಲದು. ಅಂಥವಕ್ಕೆ ಈ ಉಪಾಯವನ್ನು ನಾನು ಸೂಚಿಸುವುದಿಲ್ಲ.