ಹತ್ತೇ ಮೀಟರ್ ಜಾಗದಲ್ಲಿ ಏರ್ ರೈಫಲ್ ಸ್ಕೋಪ್ ಜೀರೋ ಮಾಡುವುದು ಹೇಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಪಡಸಾಲೆಯಿಂದ ಹಿತ್ತಲ ಗೋಡೆವರೆಗೆ ಹತ್ತು ಮೀಟರ್ ಸಿಕ್ಕರೆ ಅದೇ ಹೆಚ್ಚು, ಅಲ್ವಾ? 0.177 ಇಂಚಿನ ನಳಿಗೆಯ ಸ್ಪ್ರಿಂಗ್ ಏರ್ ರೈಫಲ್‌ನ ಸ್ಕೋಪ್ (ಗುರಿ ನೋಡುವ ದುರ್ಬೀನು) ಜೀರೋ ಮಾಡಲು, ಅಂದರೆ ಗುರಿಯಿಟ್ಟ ಜಾಗಕ್ಕೇ ಪೆಲೆಟ್ (ಸಣ್ಣ ಗುಂಡು) ಬೀಳುವಂತೆ ಹೊಂದಿಸಲು, ಅಷ್ಟು ಸಾಕು. .22 ರೈಫಲ್ ಇದ್ದರೆ ಮಾತ್ರ ಹಿತ್ತಲಿನ ಯೋಚನೆ ಬಿಡಿ, ಅನುಮತಿ ಇರುವ ರೇಂಜ್‌ಗೇ ಹೋಗಿ.

ಮೊದಲು ತಡೆ. ಕಲ್ಲಿಲ್ಲದಂತೆ ಜರಡಿ ಹಿಡಿದ ಮಣ್ಣನ್ನು ಚೀಲಕ್ಕೆ ತುಂಬಿ, ಅದರ ಮುಂದೆ ಟಾರ್ಗೆಟ್ ಕಾಗದ ಕಟ್ಟಿ. ಬರೀ ಗೋಡೆಗೆ ಹೊಡೆದರೆ ಪೆಲೆಟ್ ಪುಟಿದು ಬರುತ್ತದೆ. ಕಣ್ಣಿಗೆ ರಕ್ಷಣೆ ಕೊಡುವ ಕನ್ನಡಕ ಹಾಕಿಕೊಳ್ಳಲೇಬೇಕು.

ಸ್ಕೋಪ್ ಮೌಂಟಿನ ಸ್ಕ್ರೂ ಬಿಗಿ ಇದೆಯಾ ನೋಡಿ. ಕೌದಿ ಮಡಚಿ ಮೇಜಿನ ಮೇಲಿಡಿ, ಅದರ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್. ನಳಿಗೆಯನ್ನು ಯಾವುದಕ್ಕೂ ಆನಿಸಬೇಡಿ, ರೈಫಲನ್ನು ಗಟ್ಟಿಯಾಗಿ ಅದುಮಿ ಹಿಡಿಯಲೂಬೇಡಿ, ಯಾಕೆಂದರೆ ಸ್ಪ್ರಿಂಗ್ ರೈಫಲ್ ಪೆಲೆಟ್ ಹೊರಗೆ ಹೋಗುವ ಮುಂಚೆಯೇ ಅಲುಗಾಡುತ್ತದೆ, ಆ ಅಲುಗಾಟ ಪ್ರತಿ ಸಲ ಒಂದೇ ಥರ ಇರಬೇಕು.

ಹತ್ತಿರದ ದೂರದಲ್ಲಿ ಜಾಸ್ತಿ ಕಾಡುವುದು ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದಂತೆ ಗುರಿಯೂ ಸರಿದಂತೆ ಕಾಣುವುದು. ರೈಫಲ್ ಅಲುಗಿಸದೆ ತಲೆಯನ್ನಷ್ಟೇ ಸ್ವಲ್ಪ ಆಚೀಚೆ ಮಾಡಿ ನೋಡಿ, ಕ್ರಾಸ್‌ಹೇರ್ (ಸ್ಕೋಪ್ ಒಳಗಿನ ಅಡ್ಡ-ಉದ್ದ ಗೆರೆ) ಕಾಗದದ ಮೇಲೆ ತೇಲಾಡುತ್ತದೆ. ಫೋಕಸ್ ಉಂಗುರ ಇದ್ದರೆ ಹತ್ತು ಮೀಟರ್‌ಗೆ ತಿರುಗಿಸಿ. ಇಲ್ಲದಿದ್ದರೆ ಝೂಮ್ ಕಡಿಮೆ ಮಾಡಿ, ಕೆನ್ನೆಯನ್ನು ಪ್ರತಿ ಸಲ ಒಂದೇ ಜಾಗಕ್ಕೆ ಒತ್ತಿ.

ಈಗ ಐದು ಪೆಲೆಟ್ ಹೊಡೆಯಿರಿ. ಒಂದೇ ತೂತು ನೋಡಿ ಟರೆಟ್ (ಸ್ಕೋಪ್ ಮೇಲಿನ ಹೊಂದಿಸುವ ತಿರುಗಣೆ) ತಿರುಗಿಸಬೇಡಿ, ಐದರ ನಡುಮಧ್ಯ ಎಲ್ಲಿದೆಯೋ ಅಲ್ಲಿಂದ ಅಳೆಯಿರಿ. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸ್ಕೋಪ್‌ನಲ್ಲಿ ಟರೆಟ್‌ನ ಒಂದು ಕ್ಲಿಕ್ 100 ಮೀಟರ್‌ಗೆ ಸುಮಾರು 7 ಮಿಲಿಮೀಟರ್ ಸರಿಸುತ್ತದೆ, ಅಂದರೆ 10 ಮೀಟರ್‌ಗೆ ಬರೀ 0.7. ಒಂದು ಸೆಂಟಿಮೀಟರ್ ಸರಿಸಲು 14 ಕ್ಲಿಕ್ ಬೇಕು. ಎರಡು ಮೂರು ಕ್ಲಿಕ್ ತಿರುಗಿಸಿ ಸ್ಕೋಪೇ ಕೆಟ್ಟಿದೆ ಅಂದುಕೊಳ್ಳುವವರು ಬಹಳ ಜನ. ಎಡ-ಬಲ ಮೊದಲು ಸರಿಮಾಡಿ, ಆಮೇಲೆ ಮೇಲೆ-ಕೆಳಗೆ.

ಇನ್ನೊಂದು ಮಾತು. ಸ್ಕೋಪ್ ನಳಿಗೆಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಮೇಲಿರುತ್ತದೆ, ಹಾಗಾಗಿ ಪೆಲೆಟ್ ಕೆಳಗಿನಿಂದ ಏರಿ ಬಂದು ನಿಮ್ಮ ನೋಟದ ಗೆರೆಯನ್ನು ಹತ್ತು ಮೀಟರ್‌ನಲ್ಲಿ ದಾಟಿ, ಸ್ವಲ್ಪ ಮೇಲೆ ಹೋಗಿ, ಮತ್ತೆ ಇಳಿಯುತ್ತದೆ. ಸೆಕೆಂಡಿಗೆ 200 ಮೀಟರ್ ಆಸುಪಾಸಿನ ವೇಗ ಇರುವ ರೈಫಲ್‌ನಲ್ಲಿ ಅದು ಎರಡನೇ ಸಲ ಗೆರೆ ದಾಟುವುದು ಸುಮಾರು 25 ಮೀಟರ್ ಹತ್ತಿರ. ವೇಗ ಜಾಸ್ತಿ ಇದ್ದರೆ ಅಲ್ಲಿ ಇನ್ನೂ ಮೇಲೆಯೇ ಬೀಳುತ್ತದೆ. ಇದನ್ನು ಲೆಕ್ಕಕ್ಕೆ ಬಿಡದೆ ಕಾಗದದ ಮೇಲೆ ನೋಡಿಯೇ ನಂಬಿ. ಗದಗ ಕಡೆ ಸ್ವಂತ ಹೊಲ ಇದ್ದರೆ, ಆಚೆ ಜನ-ದನ ಇಲ್ಲದ ಕಡೆ ಎತ್ತರದ ಮಣ್ಣಿನ ಒಡ್ಡು ನೋಡಿಕೊಂಡು, ಗಾಳಿ ಏಳುವ ಮುಂಚೆ ಬೆಳಗ್ಗೆಯೇ 15, 20, 25 ಮೀಟರ್‌ಗೆ ಐದೈದು ಹೊಡೆದು ಎಷ್ಟು ಮೇಲೆ, ಎಷ್ಟು ಕೆಳಗೆ ಬಿತ್ತು ಎಂದು ಬರೆದಿಡಿ. ಪೆಲೆಟ್ ಬ್ರ್ಯಾಂಡ್ ಬದಲಿಸಿದರೆ ಮತ್ತೆ ಹತ್ತು ಮೀಟರ್‌ನಿಂದಲೇ ಶುರು ಮಾಡಬೇಕು.