ಕಾರವಾರದಲ್ಲೇ ಇದ್ದು ಪೋರ್ಚುಗೀಸ್ ಭಾಷೆಯಿಂದ ಜೀವನ ಕಟ್ಟಿಕೊಂಡ ಬಗೆ

ಐರೋಪ್ಯ ಭಾಷೆಯೊಂದರಲ್ಲಿ ಪದವಿ ಪಡೆದವರಿಗೆ ಮುಂದೇನು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಎರಡೇ ಉತ್ತರ ಸಿಗುತ್ತವೆ: ಬೆಂಗಳೂರಿನ ಕಂಪನಿಯಲ್ಲಿ ಗ್ರಾಹಕ ಸೇವೆ, ಇಲ್ಲವೇ ಶಾಲೆಯಲ್ಲಿ ಭಾಷಾ ಶಿಕ್ಷಕರ ಹುದ್ದೆ. ಎರಡೂ ಗೌರವದ ಕೆಲಸಗಳೇ. ನಾನು ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಎಂ.ಎ. ಮುಗಿಸಿ ಊರಿಗೆ ಮರಳಿದ ಮೇಲೆ ಇವೆರಡನ್ನೂ ಬಿಟ್ಟು, ಆ ಭಾಷೆ ನಮ್ಮ ಸುತ್ತಮುತ್ತ ಈಗಾಗಲೇ ಎಲ್ಲೆಲ್ಲಿ ಬಳಕೆಯಲ್ಲಿದೆ ಎಂದು ಹುಡುಕುತ್ತ ಹೋದೆ. ಇಂದು ನನ್ನ ದುಡಿಮೆ ನಿಂತಿರುವುದು ಆ ಹುಡುಕಾಟದ ಮೇಲೆಯೇ.

ಮೊದಲು ದೊರೆತದ್ದು ದಸ್ತಾವೇಜುಗಳ ಕೆಲಸ. ಮಾಜಾಳಿಯ ಗಡಿ ದಾಟಿದರೆ ಕಾಣಕೋಣ. ಕಾರವಾರದ ಎಷ್ಟೋ ಮನೆತನಗಳ ಕುಲದೇವರು, ನೆಂಟಸ್ತಿಕೆ, ಕೆಲವೊಮ್ಮೆ ಜಮೀನು ಕೂಡ ಆ ಕಡೆ ಇದೆ. 1961ರ ಡಿಸೆಂಬರ್ 19ರವರೆಗೆ ಗೋವೆಯ ಆಡಳಿತ ಪೋರ್ಚುಗೀಸರ ಕೈಯಲ್ಲಿದ್ದುದರಿಂದ, ಅದಕ್ಕಿಂತ ಹಿಂದಿನ ಜನನ ನೋಂದಣಿ, ವಿವಾಹ ನೋಂದಣಿ, ಭೂಮಿಯ ಹಕ್ಕುಪತ್ರ, ಪಾಲುಪಟ್ಟಿ ಇವೆಲ್ಲ ಪೋರ್ಚುಗೀಸ್ ಭಾಷೆಯಲ್ಲೇ ಇವೆ. 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕೌಟುಂಬಿಕ ನಿಯಮಗಳು ಅಲ್ಲಿ ಇಂದಿಗೂ ಚಾಲ್ತಿಯಲ್ಲಿರುವುದರಿಂದ ಈ ಕಾಗದಗಳು ಬರಿಯ ಇತಿಹಾಸವಲ್ಲ. ಆಸ್ತಿ ಪಾಲಾಗುವಾಗ, ವ್ಯಾಜ್ಯ ನಡೆಯುವಾಗ ವಕೀಲರ ಮೇಜಿನ ಮೇಲೆ ಬರುವ ಜೀವಂತ ಪುರಾವೆಗಳು. ತರಗತಿಯಲ್ಲಿ ಕಲಿತ ಇಂದಿನ ಭಾಷೆಯಷ್ಟರಿಂದ ಇವನ್ನು ಓದಲಾಗುವುದಿಲ್ಲ. 1911ರಲ್ಲಿ ಪೋರ್ಚುಗಲ್ ಕಾಗುಣಿತವನ್ನು ಸುಧಾರಿಸಿತು. ಅದಕ್ಕೆ ಹಿಂದಿನ ಬರವಣಿಗೆಯಲ್ಲಿ ಅದೇ ಪದಗಳು ಬೇರೆಯೇ ರೂಪದಲ್ಲಿರುತ್ತವೆ, ಗುಮಾಸ್ತರ ಕೈಬರಹದ ಸಂಕ್ಷೇಪಗಳು ಬೇರೆ. ಪಣಜಿಯ ಪುರಾಲೇಖಾಗಾರದಲ್ಲಿ ಕುಳಿತು ಒಂದೇ ಗುಮಾಸ್ತನ ಕೈಬರಹದ ಹಲವು ಪುಟಗಳನ್ನು ಅಕ್ಷರಶಃ ನಕಲು ಮಾಡುತ್ತ ಹೋದಾಗ ಮಾತ್ರ ಕಣ್ಣು ಪಳಗಿತು. ಈ ಶ್ರಮವನ್ನು ನಾನು ಎಲ್ಲ ವಿದ್ಯಾರ್ಥಿಗಳಿಗೂ ಮನಸಾರೆ ಶಿಫಾರಸು ಮಾಡುತ್ತೇನೆ, ಏಕೆಂದರೆ ಇಂಥ ಕೈಬರಹ ಓದಬಲ್ಲವರು ವಿರಳ, ಕಾಗದಗಳಾದರೋ ರಾಶಿ ರಾಶಿ.

ಎರಡನೆಯದು ಗೇರುಬೀಜ. ನನ್ನ ಮಟ್ಟಿಗೆ ಇದೇ ಮುಖ್ಯ. ಕುಮಟಾ, ಅಂಕೋಲೆಯ ಕಡೆಯ ಗೇರು ಕಾರ್ಖಾನೆಗಳಿಗೆ ಸ್ಥಳೀಯ ಬೆಳೆ ವರ್ಷವಿಡೀ ಸಾಲುವುದಿಲ್ಲ. ಕಚ್ಚಾ ಬೀಜ ಆಫ್ರಿಕದಿಂದ ಬರಬೇಕು. ಅಲ್ಲಿನ ಗಿನಿ ಬಿಸಾವು ಮತ್ತು ಮೊಜಾಂಬಿಕ್ ದೇಶಗಳ ಆಡಳಿತ ಭಾಷೆ ಪೋರ್ಚುಗೀಸ್. ಗಿನಿ ಬಿಸಾವುವಿನ ರಫ್ತು ಆದಾಯದ ಬಹುಪಾಲು ಗೇರುಬೀಜದಿಂದಲೇ ಬರುತ್ತದೆ. ಮೊಜಾಂಬಿಕ್ ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿನ ಸುಗ್ಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಬಂದು, ನಮ್ಮ ಬೆಳೆ ಇಲ್ಲದ ಹೊತ್ತನ್ನು ತುಂಬುತ್ತದೆ. ಮುಖ್ಯ ಕರಾರು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತದೆ. ಆದರೆ ಸಸ್ಯ ಆರೋಗ್ಯ ಪ್ರಮಾಣಪತ್ರ, ಸುಂಕದ ಕಾಗದ, ಮಾರಾಟಗಾರನ ಕಂಪನಿ ನೋಂದಣಿ, ಗೋದಾಮಿನ ತೂಕಪಟ್ಟಿ ಮುಂತಾದವು ಪೋರ್ಚುಗೀಸ್‌ನಲ್ಲಿ ಬರುತ್ತವೆ, ಫೋನಿನ ಮಾತುಕತೆಯಂತೂ ಸರಿಯೇ ಸರಿ.

ಈ ಕೆಲಸಕ್ಕೆ ಇಳಿಯುವ ಮೊದಲು ನಾನು ಕಾರ್ಖಾನೆಯೊಂದರಲ್ಲಿ ನಿಂತು ಬೀಜ ಕತ್ತರಿಸಿ ಪರೀಕ್ಷಿಸುವುದನ್ನು ಕಲಿತೆ. ಎಂಬತ್ತು ಕಿಲೋ ಕಚ್ಚಾ ಬೀಜದಿಂದ ಎಷ್ಟು ಪೌಂಡ್ ಒಳ್ಳೆಯ ತಿರುಳು ಸಿಗುತ್ತದೆ ಎಂಬ ಲೆಕ್ಕಕ್ಕೆ ಔಟ್‌ಟರ್ನ್ ಎನ್ನುತ್ತಾರೆ. ಒಂದು ಪೌಂಡ್ ಏರುಪೇರಾದರೂ ಸರಕಿನ ಬೆಲೆ ಬದಲಾಗುತ್ತದೆ. ಇದರ ಜೊತೆಗೆ ತೇವಾಂಶ ಮತ್ತು ಕಿಲೋಗೆ ಬೀಜಗಳ ಸಂಖ್ಯೆ. ಪೋರ್ಚುಗೀಸ್ ಕಾಗದಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮವನ್ನೂ ಸಾವಿರಗಳನ್ನು ಬೇರ್ಪಡಿಸಲು ಚುಕ್ಕೆಯನ್ನೂ ಬಳಸುವುದುಂಟು, ಅಂದರೆ ನಾವು 1,250.50 ಎಂದು ಬರೆಯುವ ತೂಕ ಅಲ್ಲಿ 1.250,50 ಆಗಿರುತ್ತದೆ. ಭಾಷೆ ಮಾತ್ರ ತಿಳಿದವರಿಗೆ ಇದು ಸಣ್ಣ ವಿಷಯ. ಹಡಗಿನಲ್ಲಿ ಸರಕು ತರಿಸುವವನಿಗೆ ಇದು ಲಾಭ ನಷ್ಟದ ವಿಷಯ. ಕಾರ್ಖಾನೆಯ ಮಾಲಕರು ನನ್ನನ್ನು ಮತ್ತೆ ಮತ್ತೆ ಕರೆಯುವುದು ನನ್ನ ಉಚ್ಚಾರಣೆಗಾಗಿ ಅಲ್ಲ, ಆ ಪಟ್ಟಿಯ ಅಂಕಿಯೊಂದು ಅಸಹಜವಾಗಿದ್ದರೆ ನಾನು ಅದನ್ನು ಗುರುತಿಸಬಲ್ಲೆ ಎಂಬ ಕಾರಣಕ್ಕೆ. ಯಂತ್ರಾನುವಾದ ಬಂದ ಮೇಲೂ ಈ ಬೇಡಿಕೆ ಕುಗ್ಗಿಲ್ಲ. ಸರಳ ಪತ್ರಗಳ ಅನುವಾದ ಕಡಿಮೆಯಾಗಿ, ಯಂತ್ರ ಕೊಟ್ಟದ್ದನ್ನು ಪರಿಶೀಲಿಸುವ ಕೆಲಸ ಹೆಚ್ಚಾಗಿದೆ.

ಇದು ಪೋರ್ಚುಗೀಸ್‌ಗೆ ಮಾತ್ರ ಸಲ್ಲುವ ಮಾತಲ್ಲ. ಜರ್ಮನ್ ಅಥವಾ ಫ್ರೆಂಚ್ ಓದಿದ ಶಿರಸಿ, ಸಿದ್ದಾಪುರದ ಯುವಕ ಯುವತಿಯರು ಕಾಳುಮೆಣಸು, ಏಲಕ್ಕಿಗಳ ರಫ್ತಿನ ಕಡೆಗೆ ನೋಡಬಹುದು. ಐರೋಪ್ಯ ಒಕ್ಕೂಟವು ಕೀಟನಾಶಕಗಳ ಉಳಿಕೆಗೆ ಮಿತಿ ವಿಧಿಸುತ್ತದೆ, ಆ ನಿಯಮಗಳನ್ನು ತನ್ನ 24 ಅಧಿಕೃತ ಭಾಷೆಗಳಲ್ಲಿ ಪ್ರಕಟಿಸುತ್ತದೆ. ನಿಯಮವನ್ನು ಇಂಗ್ಲಿಷ್‌ನಲ್ಲಿಯೂ ಓದಬಹುದು. ಆದರೆ ಸರಕು ತಿರಸ್ಕೃತವಾದಾಗ ಹ್ಯಾಂಬರ್ಗಿನ ಖರೀದಿದಾರನೊಡನೆ ಅವನ ಭಾಷೆಯಲ್ಲೇ ಮಾತಾಡಿ ವಿಷಯ ಇತ್ಯರ್ಥ ಮಾಡುವವರು ಬೇಕಾಗುತ್ತಾರೆ.

ಅರ್ಹತೆಯ ವಿಚಾರದಲ್ಲಿ ಸ್ವಲ್ಪ ಯೋಜನೆ ಇರಬೇಕು. ವಿದೇಶಿ ಅನುವಾದ ಸಂಸ್ಥೆಗಳು ಹೆಚ್ಚಾಗಿ ಐಎಸ್ಒ 17100 ಮಾನದಂಡವನ್ನು ಅನುಸರಿಸುತ್ತವೆ. ಅದರಂತೆ ಅನುವಾದ ವಿಷಯದಲ್ಲಿ ಪದವಿ ಇರಬೇಕು, ಇಲ್ಲವೇ ಬೇರೆ ಯಾವುದೇ ಪದವಿಯೊಡನೆ ಎರಡು ವರ್ಷದ ಪೂರ್ಣಾವಧಿ ಅನುಭವ, ಅದೂ ಇಲ್ಲವಾದರೆ ಐದು ವರ್ಷದ ಅನುಭವ ಬೇಕು. ಹೀಗಾಗಿ ಮೊದಲ ದಿನದಿಂದಲೇ ಮಾಡಿದ ಕೆಲಸದ ದಾಖಲೆ, ಬಿಲ್ಲು, ಗ್ರಾಹಕರ ಪತ್ರಗಳನ್ನು ಜೋಡಿಸಿಡಬೇಕು. ಪೋರ್ಚುಗೀಸ್ ಕಲಿಯುವವರು ಲಿಸ್ಬನ್ ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಬಿ2 (ಸ್ವತಂತ್ರವಾಗಿ ವ್ಯವಹರಿಸಬಲ್ಲ ಮೇಲ್ಮಧ್ಯಮ) ಮಟ್ಟದ್ದನ್ನಾದರೂ ಪಾಸು ಮಾಡಿಕೊಳ್ಳುವುದು ಒಳಿತು. ಮನೆಯಲ್ಲಿ ಕೊಂಕಣಿ ಆಡುವವರಿಗೆ ಅನುನಾಸಿಕ ಸ್ವರಗಳು ಮೊದಲೇ ನಾಲಗೆಯಲ್ಲಿರುವುದರಿಂದ ಅರ್ಧ ಕಷ್ಟ ಕಡಿಮೆ.

ದಸ್ತಾವೇಜಿನ ಅನುವಾದಕ್ಕೆ ಕಾನೂನಿನ ಬಲ ಬೇಕಾದಾಗ ನಾನು ಪ್ರಮಾಣಪತ್ರ ಸಹಿ ಮಾಡಿ ನೋಟರಿಯ ಮುಂದೆ ದೃಢೀಕರಿಸುತ್ತೇನೆ. 1952ರ ನೋಟರಿ ಕಾಯ್ದೆ ಅನುವಾದವನ್ನು ಪರಿಶೀಲಿಸಿ ದೃಢೀಕರಿಸುವ ಅಧಿಕಾರವನ್ನು ನೋಟರಿಗೆ ಕೊಟ್ಟಿದೆ. ದರದಲ್ಲಿ ಮಾತ್ರ ಒಂದು ಭೇದ ಇಟ್ಟುಕೊಂಡಿದ್ದೇನೆ: ಮುದ್ರಿತ ಕಾಗದಕ್ಕೆ ಪದದ ಲೆಕ್ಕ, ಹಳೆಯ ಕೈಬರಹಕ್ಕೆ ಪುಟದ ಲೆಕ್ಕ, ಮತ್ತು ಆ ಪುಟವನ್ನು ಕಣ್ಣಾರೆ ನೋಡದೆ ದರ ಹೇಳುವುದಿಲ್ಲ.