500 ವ್ಯಾಟ್ ಅಂತ ಬರ್ದಿರೋ ಎಸ್‌ಎಂಪಿಎಸ್ ನಿಜವಾಗ್ಲೂ ಎಷ್ಟು ವ್ಯಾಟ್? ನಾನೇ ಬಿಚ್ಚಿ ನೋಡಿದ್ದು

ಸಿಸ್ಟಮ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ಮೇಲೆ ಶುರುವಾಗಿದ್ದು ಈ ಕಾಟ. ಸುಮ್ನೆ ಬ್ರೌಸಿಂಗ್ ಮಾಡಿದ್ರೆ ಏನೂ ಇಲ್ಲ, ಗೇಮ್ ಓಪನ್ ಮಾಡಿ ಐದು ನಿಮಿಷ ಆಗೋದ್ರೊಳಗೆ ಟಪ್ ಅಂತ ರೀಸ್ಟಾರ್ಟ್. ರ‍್ಯಾಮ್ ಬದಲಾಯಿಸ್ದೆ, ಡ್ರೈವರ್ ಬದಲಾಯಿಸ್ದೆ, ವಿಂಡೋಸ್ ಕೂಡ ಹೊಸದಾಗಿ ಹಾಕ್ದೆ, ಎಸ್‌ಎಂಪಿಎಸ್ (ಸಿಸ್ಟಮ್‌ಗೆ ಪವರ್ ಕೊಡೋ ಡಬ್ಬಿ) ಮೇಲೆ ಮಾತ್ರ ಅನುಮಾನ ಬರ್ಲಿಲ್ಲ, ಯಾಕಂದ್ರೆ ಅದರ ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್ ಅಂತ ಇತ್ತು, ಕಾರ್ಡು ಪ್ರೊಸೆಸರ್ ಎಲ್ಲ ಸೇರಿಸಿದ್ರೂ 200ರ ಹತ್ರ ಬರುತ್ತೆ ಅಷ್ಟೆ.

ಕೊನೆಗೆ ಹೊರಗೆ ತೆಗ್ದು ಸ್ಟಿಕ್ಕರ್‌ನ ಸಣ್ಣ ಅಕ್ಷರ ಓದ್ದೆ. 12 ವೋಲ್ಟ್ 15 ಆಂಪ್, 5 ವೋಲ್ಟ್ 20 ಆಂಪ್, 3.3 ವೋಲ್ಟ್ 20 ಆಂಪ್. ವೋಲ್ಟ್‌ನ ಆಂಪ್‌ನಿಂದ ಗುಣಿಸಿದ್ರೆ ವ್ಯಾಟ್: 180, 100, 66. ಮೈನಸ್ 12ಕ್ಕೆ 6, ಸ್ಟ್ಯಾಂಡ್‌ಬೈಗೆ (ಸಿಸ್ಟಮ್ ಆಫ್ ಇದ್ದಾಗ್ಲೂ ಬರೋ ಪವರ್) 10. ಎಲ್ಲಾ ಕೂಡಿದ್ರೂ 362! ಅವರೇ ಬರ್ದಿರೋ ಲೆಕ್ಕದಲ್ಲೇ 500 ಬರಲ್ಲ. ಅದೂ ಅಲ್ದೆ 5 ಮತ್ತು 3.3 ಎರಡನ್ನೂ ಒಟ್ಟಿಗೆ ಪೂರ್ತಿ ಎಳೆಯೋಕಾಗಲ್ಲ, ಸಾಮಾನ್ಯವಾಗಿ ಎರಡಕ್ಕೂ ಸೇರಿ ಒಂದು ಮಿತಿ ಇರುತ್ತೆ, ನನ್ನದ್ರಲ್ಲಿ ಆ ಸಾಲನ್ನೇ ಪ್ರಿಂಟ್ ಮಾಡಿರ್ಲಿಲ್ಲ. ಈಗಿನ ಪ್ರೊಸೆಸರ್ರು, ಗ್ರಾಫಿಕ್ಸ್ ಕಾರ್ಡು ಹತ್ತಿರ ಹತ್ತಿರ ಎಲ್ಲಾ ಪವರ್ರೂ ತಗೊಳ್ಳೋದು 12 ವೋಲ್ಟ್‌ನಿಂದ, ಹಾಗಾಗಿ ನಮಗೆ ಲೆಕ್ಕಕ್ಕೆ ಬರೋದು ಆ 180 ಒಂದೇ.

ಅದಾದ್ರೂ ನಿಜಾನಾ ಅಂತ ನೋಡೋಕೆ ಡಬ್ಬಿ ಬಿಚ್ಚಿದೆ. ಇಲ್ಲಿ ದಯವಿಟ್ಟು ಹುಷಾರು. ಪ್ಲಗ್ ಕಿತ್ತ ಮೇಲೂ ಪ್ರೈಮರಿ (ಮೇನ್ಸ್ ಕಡೆಯ) ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಮೇಲೆ ಡಿಸಿ ಕೂತಿರಬಹುದು, ಜೀವ ತೆಗೆಯೋಕೆ ಅಷ್ಟು ಸಾಕು. ನಾನು 2.2 ಕಿಲೋ ಓಮ್‌ನ 10 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಶನ್ ಇರೋ ವೈರ್ ಹಾಕಿ ಎರಡು ಕೆಪಾಸಿಟರನ್ನೂ ಡಿಸ್ಚಾರ್ಜ್ ಮಾಡಿ, ಮಲ್ಟಿಮೀಟರಲ್ಲಿ ಸೊನ್ನೆ ನೋಡಿದ್ಮೇಲೇ ಕೈ ಇಟ್ಟಿದ್ದು. ಇದು ಅಭ್ಯಾಸ ಇಲ್ದೆ ಇರೋರು ಡಬ್ಬಿ ಬಿಚ್ಚೋಕೆ ಹೋಗ್ಬೇಡಿ, ಸ್ಟಿಕ್ಕರ್ ಲೆಕ್ಕವೇ ಮುಕ್ಕಾಲು ವಿಷಯ ಹೇಳಿಬಿಡುತ್ತೆ.

ಒಳಗೆ ನೋಡಿದ್ರೆ ಎರಡು ಕೆಪಾಸಿಟರ್, 200 ವೋಲ್ಟ್ 330 ಮೈಕ್ರೋಫ್ಯಾರಡ್. ಈ ಥರದ ಹಾಫ್ ಬ್ರಿಡ್ಜ್ (ಎರಡು ಟ್ರಾನ್ಸಿಸ್ಟರ್ ಸರದಿ ಮೇಲೆ ಸ್ವಿಚ್ ಆಗೋ) ಸಪ್ಲೈ ನಿಜವಾಗ್ಲೂ 500 ವ್ಯಾಟ್ ಕೊಡ್ಬೇಕಂದ್ರೆ 680, 820 ಮೈಕ್ರೋಫ್ಯಾರಡ್ ಅಂಥವು ಇರ್ಬೇಕು. ಸ್ವಿಚಿಂಗ್ ಟ್ರಾನ್ಸಿಸ್ಟರ್ ಎರಡೂ 13007, ಅಂದ್ರೆ 8 ಆಂಪಿಂದು, ದೊಡ್ಡ ಸಪ್ಲೈಗೆ ಕನಿಷ್ಠ 12 ಆಂಪ್‌ನ 13009 ಆದ್ರೂ ಹಾಕ್ತಾರೆ. ಮೇನ್ಸ್ ಒಳಗೆ ಬರೋ ಕಡೆ ಲೈನ್‌ನ ನಾಯ್ಸ್ ತಡೆಯೋ ಫಿಲ್ಟರ್ ಕಾಯಿಲ್ ಕೂರೋ ಜಾಗದಲ್ಲಿ ಎರಡು ತಂತಿ ತುಂಡು ಬೆಸುಗೆ ಹಾಕಿದ್ರು. ಇದಕ್ಕಿಂತ ಬೇಜಾರಾಗಿದ್ದು 12 ವೋಲ್ಟ್‌ನ ಪೂರ್ತಿ ಕರೆಂಟ್ ಹಾದುಹೋಗೋ ಡಯೋಡ್ ನೋಡಿ: ಹೀಟ್ ಸಿಂಕ್ ಸ್ಕ್ರೂ ಬಿಚ್ಚಿ, ಪೇಸ್ಟ್ ಒರೆಸಿ, ನಂಬರ್ ಓದಿ ಡೇಟಾಶೀಟ್ ತೆಗ್ದೆ, 10 ಆಂಪ್. ಹತ್ತು ಆಂಪ್‌ನ ಡಯೋಡ್ ಇಟ್ಟು ಹೊರಗೆ ಹದಿನೈದು ಅಂತ ಬರ್ದಿದಾರೆ.

ಆಮೇಲೆ ವಾಪಸ್ ಜೋಡಿಸಿ ಡಬ್ಬಿ ಮುಚ್ಚಿ ಲೋಡ್ ಟೆಸ್ಟ್, ಅಂದ್ರೆ ನಿಜವಾಗ್ಲೂ ಕರೆಂಟ್ ಎಳೆದು ನೋಡೋದು. 12 ವೋಲ್ಟ್‌ಗೆ ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್‌ಗಳು, ಒಂದೊಂದು ಸುಮಾರು 4.5 ಆಂಪ್ ಎಳೆಯುತ್ತೆ. 5 ವೋಲ್ಟ್‌ಗೂ 1 ಓಮ್ 50 ವ್ಯಾಟ್ ರೆಸಿಸ್ಟರ್ ಒಂದನ್ನ ಹೀಟ್ ಸಿಂಕ್ ಮೇಲೆ ಕೂರಿಸಿ ಕೊಟ್ಟೆ, ಇಲ್ಲಾಂದ್ರೆ ಈ ಸಪ್ಲೈಗಳು ಎರಡು ವೋಲ್ಟೇಜನ್ನೂ ಒಟ್ಟಿಗೇ ಕಂಟ್ರೋಲ್ ಮಾಡೋದ್ರಿಂದ ರೀಡಿಂಗ್ ತಪ್ಪಾಗುತ್ತೆ. ದೊಡ್ಡ ಕನೆಕ್ಟರ್‌ನ ಹಸಿರು ವೈರನ್ನ ಕಪ್ಪಿಗೆ ಸೇರಿಸಿದ್ರೆ ಸಪ್ಲೈ ಆನ್. ಬಲ್ಬ್‌ಗಳನ್ನ ಒಂದೊಂದಾಗೇ ಸೇರಿಸ್ಬೇಕು, ತಣ್ಣಗಿರೋ ಫಿಲಮೆಂಟ್ ಮೊದಲ ಕ್ಷಣದಲ್ಲಿ ಹತ್ತು ಪಟ್ಟು ಕರೆಂಟ್ ಎಳೆಯುತ್ತೆ, ಎಲ್ಲಾ ಒಟ್ಟಿಗೆ ಕೊಟ್ರೆ ಒಳ್ಳೆ ಸಪ್ಲೈ ಕೂಡ ಟ್ರಿಪ್ ಆಗ್ಬಹುದು.

ಎರಡು ಬಲ್ಬ್‌ಗೆ 11.8 ವೋಲ್ಟ್, ಪರ್ವಾಗಿಲ್ಲ. ಮೂರನೇದು ಹಾಕ್ತಿದ್ದಂಗೆ ಮೂರೂ ಬಲ್ಬು ಮಂಕಾಗಿದ್ದು ಕಣ್ಣಿಗೇ ಕಾಣ್ತು, ಮೀಟರ್ 11.3, ಆ ಕಡೆ 5 ವೋಲ್ಟ್ 5.3ಕ್ಕೆ ಏರಿತ್ತು. ಎಟಿಎಕ್ಸ್ (ಕಂಪ್ಯೂಟರ್ ಸಪ್ಲೈಗಳ ಸ್ಟ್ಯಾಂಡರ್ಡ್) ನಿಯಮದಲ್ಲಿ ಇಂಥ ಹಳೇ ಥರದ ಸಪ್ಲೈಗಳಿಗೆ ಐದು ಪರ್ಸೆಂಟ್ ಆಚೀಚೆ ಅಂದ್ರೆ 12 ವೋಲ್ಟ್ 11.4ಕ್ಕಿಂತ ಕೆಳಗಿಳಿಯಂಗಿಲ್ಲ, 5 ವೋಲ್ಟ್ 5.25 ದಾಟಂಗಿಲ್ಲ. ಎರಡೂ ತಪ್ಪಿತ್ತು, ಅದೂ ಬರೀ 13 ಚಿಲ್ಲರೆ ಆಂಪ್‌ಗೆ. ಹತ್ತು ನಿಮಿಷಕ್ಕೆ ವಾರ್ನಿಶ್ ಕಾದ ವಾಸನೆ ಬಂತು, ಆಫ್ ಮಾಡ್ಬಿಟ್ಟೆ.

ನನ್ನ ಲೆಕ್ಕದಲ್ಲಿ ಅದು 12 ವೋಲ್ಟ್‌ನಲ್ಲಿ ನೆಮ್ಮದಿಯಾಗಿ 10 ಆಂಪ್, ಎಲ್ಲಾ ಸೇರಿ 200 ವ್ಯಾಟ್ ಸಪ್ಲೈ. ಹೊಸದು ತಗೊಳ್ಳುವಾಗ 12 ವೋಲ್ಟ್ ಸಾಲು ಒಂದನ್ನೇ ನೋಡ್ದೆ: 450 ವ್ಯಾಟ್, 12 ವೋಲ್ಟ್‌ಗೆ 37 ಆಂಪ್, ಅಂದ್ರೆ 444. ಅದೇ ಬಲ್ಬ್ ಆರು ಹಾಕಿದ್ರೂ 11.9ರಿಂದ ಕೆಳಗೆ ಇಳೀಲಿಲ್ಲ, ಗೇಮಲ್ಲಿ ರೀಸ್ಟಾರ್ಟ್ ಆಗೋದೂ ನಿಂತೋಯ್ತು.